ಗೋಲು ಹೊಡೆಯದವನ ಲೆಕ್ಕ

ಕಳೆದ ಡಿಸೆಂಬರಿನಲ್ಲಿ ಸಂಬಂಧಿಕರೊಬ್ಬರ ಮನೆಯ ಮದುವೆಗೆಂದು ಮೂಡುಬಿದಿರೆಗೆ ಹೋಗಿದ್ದೆ. ಊಟ ಮುಗಿದ ಮೇಲೆ ಬಸ್ಸಿಗೆ ಇನ್ನೂ ಸಮಯವಿದ್ದುದರಿಂದ ಸ್ವರಾಜ್ಯ ಮೈದಾನದ ಕಡೆಗೆ ಕಾಲು ಹಾಕಿದೆ. ಬೇಲಿಯ ಬದಿಯಲ್ಲಿ ನಿಂತಿದ್ದ, ನಲವತ್ತು ದಾಟಿದ ಒಬ್ಬರು ನನ್ನನ್ನು ಕಂಡು ಹತ್ತಿರ ಬಂದು, "ನಮಸ್ಕಾರ ಸರ್, ಗುರುತು ಸಿಕ್ಕಿತಾ?" ಎಂದರು. ಮುಖ ನೋಡಿ ಗುರುತು ಸಿಗಲಿಲ್ಲ. ನಿಂತ ಭಂಗಿ ನೋಡಿ ಸಿಕ್ಕಿತು. ಎರಡು ಕಾಲುಗಳನ್ನು ತುಸು ಅಗಲಿಸಿ, ಮೈಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಯಾರೋ ಎದುರಿನಿಂದ ಬರುತ್ತಾರೆಂದು ಕಾಯುವವನಂತೆ ನಿಲ್ಲುವ ಆ ರೀತಿ ಇಪ್ಪತ್ತೈದು ವರ್ಷ ಕಳೆದರೂ ಬದಲಾಗಿರಲಿಲ್ಲ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಜೊತೆಗೆ ಓದಿದವರಿಗೆ ಯಾರೆಂದು ಹೇಗೂ ತಿಳಿಯುತ್ತದೆ.

ಬಂಟ್ವಾಳ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದ ಕಾಲವದು. 1998ರ ಮಳೆಗಾಲ. ನಮ್ಮ ಶಾಲೆಯ ಫುಟ್ಬಾಲ್ ತಂಡದಲ್ಲಿ ಅವನು ಬ್ಯಾಕ್, ಹುಡುಗರ ಮಾತಿನಲ್ಲಿ ‘ಸ್ಟಾಪರ್’. ತಂದೆ ಅಡಿಕೆ ತೋಟದ ಕೆಲಸಕ್ಕೆ ಹೋಗುತ್ತಿದ್ದರು, ತಾಯಿ ಬೀಡಿ ಕಟ್ಟುತ್ತಿದ್ದರು. ಕಾಲಿಗೆ ಬೂಟಿರಲಿಲ್ಲ. ತಾಲೂಕು ಮಟ್ಟದ ಅಂತಿಮ ಪಂದ್ಯದಲ್ಲಿ ಎದುರಾಳಿ ತಂಡದ ಮುಂಚೂಣಿಯ ಹುಡುಗರು ಇವನಿಗಿಂತ ಎತ್ತರದವರು, ಗಟ್ಟಿಗರು. ಕೆಸರಿನಲ್ಲಿ ಒಂದು ಗಂಟೆಗೂ ಮಿಕ್ಕಿ ಇವನು ಅವರನ್ನು ತಡೆದು ನಿಲ್ಲಿಸಿದ. ಗೋಲಿಲ್ಲದೆ ಪಂದ್ಯ ಮುಗಿಯಿತು. ಟೈಬ್ರೇಕರಿನಲ್ಲಿ ನಮ್ಮ ಶಾಲೆ ಗೆದ್ದಿತು.

ಸೋಮವಾರದ ಪ್ರಾರ್ಥನಾ ಸಭೆಯಲ್ಲಿ ವಾರ್ತೆ ಸಿದ್ಧಪಡಿಸುವ ಹೊಣೆ ನನ್ನದಾಗಿತ್ತು. ಟೈಬ್ರೇಕರಿನಲ್ಲಿ ಚೆಂಡು ಹಿಡಿದ ಗೋಲ್‌ಕೀಪರ್ ಹುಡುಗನ ಹೆಸರು ಬರೆದೆ. ಗೋಲು ಹೊಡೆದವರ ಹೆಸರುಗಳನ್ನು ಬರೆದೆ. ಕೊನೆಗೆ ‘ಮತ್ತು ಇತರರು’ ಎಂದು ಬರೆದು ಮುಗಿಸಿದೆ. ಚಪ್ಪಾಳೆ ಬಿತ್ತು. ಆ ‘ಇತರರ’ ನಡುವೆ ಅವನು ನಿಂತಿದ್ದ.

ಇಷ್ಟಕ್ಕೇ ಮುಗಿದಿದ್ದರೆ ಇದು ಮಾಸ್ತರನೊಬ್ಬನ ಮರೆವೆಂದು ಬಿಡಬಹುದಿತ್ತು. ಮಂಗಳೂರಿನ ಕ್ಲಬ್ಬೊಂದರವರು ಆ ಹುಡುಗನ ಆಟ ನೋಡಿ, ಎಸ್.ಎಸ್.ಎಲ್.ಸಿ. ಆದ ಮೇಲೆ ಅಲ್ಲಿಗೆ ಬಂದು ಅಭ್ಯಾಸ ಮಾಡುವಂತೆ ಹೇಳಿ ಕಳುಹಿಸಿದ್ದರು. ತಂದೆ ನನ್ನ ಬಳಿಗೆ ಬಂದು, "ಮಾಷ್ಟ್ರೇ, ನೀವೇ ಒಂದು ಮಾತು ಹೇಳಿ. ನೀವು ಹೇಳಿದ ಹಾಗೆ ಮಾಡ್ತೇವೆ" ಎಂದರು. ನಾನು ಯೋಚಿಸಲಿಕ್ಕೆ ಒಂದು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. "ಅವನೇನು ಭಾರತ ತಂಡದಲ್ಲಿ ಆಡಲಿಕ್ಕುಂಟಾ? ಚೆಂಡು ಹೊಟ್ಟೆಗೆ ಅನ್ನ ಕೊಡುವುದಿಲ್ಲ. ಏನಾದರೂ ಕೆಲಸ ಕಲಿಯಲಿ" ಎಂದೆ. ಹುಡುಗ ಎಲೆಕ್ಟ್ರಿಷಿಯನ್ ಕೆಲಸ ಕಲಿತ. ಕೊಲ್ಲಿ ದೇಶದಲ್ಲಿ ಎಂಟು ವರ್ಷ ದುಡಿದು, ಈಗ ಬೆಳ್ತಂಗಡಿ ತಾಲೂಕಿನಲ್ಲಿ ಸ್ವಂತ ಅಂಗಡಿ ಇಟ್ಟುಕೊಂಡಿದ್ದಾನೆ. ಚೆನ್ನಾಗಿದ್ದಾನೆ. ನನ್ನ ಸಲಹೆಯಿಂದ ಅವನ ಬದುಕು ಕೆಟ್ಟಿತೆಂದು ಯಾರೂ ಹೇಳುವಂತಿಲ್ಲ, ಅವನೂ ಹೇಳಲಿಲ್ಲ.

ಆದರೆ ಅಂದು ಮೈದಾನದ ಬದಿಯಲ್ಲಿ ಅವನು ಹೇಳಿದ ಎರಡು ಮಾತುಗಳು ನನ್ನನ್ನು ಇನ್ನೂ ಬಿಟ್ಟಿಲ್ಲ. ಮೊದಲನೆಯದು: "ಆ ದಿನ ನೀವು ಹೆಸರು ಓದುವಾಗ ನಾನು ಕಾದಿದ್ದೆ ಸರ್." ಎರಡನೆಯದು: "ನನ್ನ ಮಗ ಒಂಬತ್ತನೆಯಲ್ಲಿದ್ದಾನೆ. ಅವನೂ ಬ್ಯಾಕೇ ಆಡುವುದು. ಈಗ ಏನು ಹೇಳ್ತೀರಿ?"

ಆಗ ನನಗೆ ಉತ್ತರ ಹೊಳೆಯಲಿಲ್ಲ. ಈ ಬರಹವೇ ಆ ಉತ್ತರ. ಇದೇ ಪ್ರಶ್ನೆ ನಿಮ್ಮ ಮನೆಗಳಲ್ಲಿಯೂ ಎದ್ದಿರಬಹುದಾದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಉತ್ತರ ಹುಡುಕುವಾಗ ನನಗೆ ನೆನಪಾದವನು ಸ್ಪೇನ್ ದೇಶದ ಒಬ್ಬ ಆಟಗಾರ. 2016ರ ಅಕ್ಟೋಬರಿನಲ್ಲಿ ನಾನು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದೆ. ಅಕ್ಟೋಬರ್ 19ರ ಸಂಜೆ ಅವನು ನನ್ನನ್ನು ಕಂಠೀರವ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದ. ಎ.ಎಫ್.ಸಿ. ಕಪ್ಪಿನ ಉಪಾಂತ್ಯದ ಎರಡನೆಯ ಪಂದ್ಯ. ಬೆಂಗಳೂರು ಎಫ್.ಸಿ.ಗೆ ಎದುರಾಳಿ ಮಲೇಷ್ಯಾದ ಜೊಹೋರ್ ದಾರುಲ್ ತಾಜಿಮ್, ಹಿಂದಿನ ವರ್ಷದ ಚಾಂಪಿಯನ್. ಮಲೇಷ್ಯಾದಲ್ಲಿ ನಡೆದ ಮೊದಲ ಪಂದ್ಯ 1–1ರಲ್ಲಿ ಸಮವಾಗಿತ್ತು. ಇಲ್ಲಿಯೂ ಮೊದಲು ಗೋಲು ಹೊಡೆದವರು ಎದುರಾಳಿಗಳೇ. ಬಳಿಕ ಸುನಿಲ್ ಛೆಟ್ರಿ ಎರಡು ಗೋಲು ಹೊಡೆದರು. ಮೂರನೆಯದನ್ನು ಹೊಡೆದವನು ತಂಡದ ರಕ್ಷಣಾ ಆಟಗಾರ, ಹುವಾನನ್ ಎಂಬ ಸ್ಪೇನಿನವನು. 3–1ರ ಗೆಲುವಿನೊಂದಿಗೆ ಆ ಕಪ್ಪಿನ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ಹೆಸರು ಬೆಂಗಳೂರಿಗೆ ಬಂತು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ಅಲ್ ಕುವಾ ಅಲ್ ಜವಿಯಾ ತಂಡದೆದುರು ಒಂದು ಗೋಲಿನಿಂದ ಸೋತಿತು, ಆ ಮಾತು ಬೇರೆ.

ಪಂದ್ಯ ಮುಗಿದಾಗ ಕ್ರೀಡಾಂಗಣವೆಲ್ಲ ಛೆಟ್ರಿಯ ಹೆಸರು ಕೂಗುತ್ತಿತ್ತು. ಅದು ನ್ಯಾಯವೇ. ನಾನು ಮಾತ್ರ ಮಗನಲ್ಲಿ, "ಆ ಹಿಂದೆ ನಿಂತವನು ಯಾರು?" ಎಂದು ಕೇಳಿದೆ. ಅಂದು ಕೇಳಿ ತಿಳಿದದ್ದು, ಆಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

ಹುವಾನನ್ ಹುಟ್ಟಿದ್ದು 1987ರಲ್ಲಿ. ರಿಯಲ್ ಮ್ಯಾಡ್ರಿಡ್ ಎಂಬ ಲೋಕಪ್ರಸಿದ್ಧ ಕ್ಲಬ್ಬಿಗೆ ಸೇರಿದವನು, ಆದರೆ ಟಿ.ವಿ.ಯಲ್ಲಿ ನಾವು ಕಾಣುವ ತಂಡಕ್ಕಲ್ಲ. ಆ ಕ್ಲಬ್ಬಿಗೆ ಕಾಸ್ತಿಯಾ ಎಂಬ ಎರಡನೆಯ ತಂಡವಿದೆ. ಇವನು ಆಡಿದ್ದು ಅದರಲ್ಲಿ, ಅದೂ ಆ ತಂಡ ದೇಶದ ಮೂರನೆಯ ದರ್ಜೆಯ ಲೀಗಿನಲ್ಲಿದ್ದ ವರ್ಷಗಳಲ್ಲಿ. ಮೇಲಿನ ತಂಡದ ಬಾಗಿಲು ತೆರೆಯಲಿಲ್ಲ. ಜರ್ಮನಿಗೆ ಹೋಗಿ ಫೋರ್ಟುನಾ ಡ್ಯುಸೆಲ್‌ಡಾರ್ಫ್ ತಂಡದಲ್ಲಿ ಆಡಿದ. ಮೂವತ್ತರ ಹೊಸ್ತಿಲಲ್ಲಿ ಬೆಂಗಳೂರಿಗೆ ಬಂದ. ತನ್ನ ದೇಶದ ಪರವಾಗಿ ಅವನೆಂದೂ ಆಡಿದವನಲ್ಲ. ನಾನು 1998ರಲ್ಲಿ ಹಿಡಿದಿದ್ದ ಅಳತೆಗೋಲಿನಿಂದ ಅಳೆದರೆ, ‘ರಾಷ್ಟ್ರೀಯ ತಂಡಕ್ಕೆ ಏರದ ಆಟಗಾರ’ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಕಾದ ಬದುಕು.

ಆ ಅಳತೆಗೋಲು ಸರಿಯಲ್ಲವೆಂಬುದನ್ನು ಮುಂದಿನ ಘಟನೆಗಳೇ ತೋರಿಸಿದವು. 2018ರ ಮಾರ್ಚ್ 17ರಂದು ಕಂಠೀರವದಲ್ಲಿಯೇ ನಡೆದ ಐ.ಎಸ್.ಎಲ್. ಅಂತಿಮ ಪಂದ್ಯದಲ್ಲಿ ಬೆಂಗಳೂರು ಚೆನ್ನೈಯಿನ್ ತಂಡಕ್ಕೆ 2–3ರಿಂದ ಸೋತಿತು. ಸರಿಯಾಗಿ ಒಂದು ವರ್ಷದ ಬಳಿಕ, 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾ ತಂಡವನ್ನು 1–0ಯಿಂದ ಸೋಲಿಸಿ ಕಪ್ ಗೆದ್ದಿತು. ಆ ಒಂದೇ ಗೋಲು ಬಂದದ್ದು ಹೆಚ್ಚುವರಿ ಅವಧಿಯ ಕೊನೆಗೆ, 117ನೆಯ ನಿಮಿಷದಲ್ಲಿ. ತಲೆಯಿಂದ ಅದನ್ನು ಹೊಡೆದವರು ರಾಹುಲ್ ಭೇಕೆ, ಅವರೂ ರಕ್ಷಣಾ ಆಟಗಾರರೇ. 117 ನಿಮಿಷ ಎದುರಾಳಿಗೆ ಗೋಲು ಬಿಟ್ಟುಕೊಡದೆ ನಿಂತ ತಂಡಕ್ಕಷ್ಟೇ ಅಂಥ ಕೊನೆಯ ಅವಕಾಶ ದಕ್ಕುತ್ತದೆ. ಹಾಗೆ ನಿಂತ ತಂಡದಲ್ಲಿ ಹುವಾನನ್ ಇದ್ದ. ಬೆಂಗಳೂರು ಬಿಟ್ಟು ಹೈದರಾಬಾದಿಗೆ ಹೋದ ಮೇಲೆ, 2022ರ ಮಾರ್ಚ್ 20ರಂದು ಆ ತಂಡವೂ ಕೇರಳ ಬ್ಲಾಸ್ಟರ್ಸನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಐ.ಎಸ್.ಎಲ್. ಗೆದ್ದಿತು. ಆಗ ಅವನಿಗೆ ಮೂವತ್ತೈದು ತುಂಬುವುದರಲ್ಲಿತ್ತು.

ನಮ್ಮ ಊರಿನವರಿಗೆ ಇದನ್ನು ತಿಳಿಸಲು ಯಕ್ಷಗಾನದ ಹೋಲಿಕೆಯೇ ಸಾಕು. ಮೇಳದಲ್ಲಿ ಎಲ್ಲರೂ ಪ್ರಧಾನ ವೇಷಧಾರಿಗಳಲ್ಲ. ನವೆಂಬರಿನ ಸುಮಾರಿಗೆ ಗೆಜ್ಜೆ ಕಟ್ಟಿ, ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ರಾತ್ರಿ ರಾತ್ರಿ ತಿರುಗಾಟ ಮಾಡುವ ಕಲಾವಿದರಲ್ಲಿ ಹೆಚ್ಚಿನವರು ಎದುರು ವೇಷ, ಪೋಷಕ ವೇಷ ಮಾಡುವವರು. ಎದುರಿನವನು ಸರಿಯಾಗಿ ನಿಂತು ಮಾತು ಒದಗಿಸದಿದ್ದರೆ ಪ್ರಧಾನ ವೇಷ ಮೆರೆಯುವುದಿಲ್ಲ. ಧರ್ಮಸ್ಥಳ ಮೇಳವಾಗಲಿ, ಕಟೀಲು ಮೇಳವಾಗಲಿ, ಹಾಗೆ ಇಪ್ಪತ್ತೈದು ಮೂವತ್ತು ತಿರುಗಾಟ ಮಾಡಿದ ಕಲಾವಿದನನ್ನು ನಾವು ‘ಸೋತವನು’ ಎನ್ನುತ್ತೇವೆಯೇ? ‘ಅನುಭವಿ’ ಎನ್ನುತ್ತೇವೆ, ಶಾಲು ಹೊದಿಸುತ್ತೇವೆ. ಹುವಾನನ್ ಮಾಡಿದ್ದೂ ತಿರುಗಾಟವನ್ನೇ. ವೇಷ ಮಾತ್ರ ಬೇರೆ.

ನಮ್ಮದೇ ಆಟವಾದ ಕಬಡ್ಡಿಯನ್ನು ನೋಡಿ. ಅದರಲ್ಲಿ ದಾಳಿಗಾರನನ್ನು ಹಿಡಿದ ಕೂಡಲೇ ಅಂಕ ಬರುತ್ತದೆ, ಫಲಕದ ಮೇಲೆ ಏರುತ್ತದೆ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಹಿಡಿದರೆ ಇನ್ನೊಂದು ಅಂಕ ಹೆಚ್ಚು. ಹಿಡಿಯುವವನ ದುಡಿಮೆಯನ್ನು ಲೆಕ್ಕಕ್ಕೆ ತಂದ ಆಟವದು. ಆದುದರಿಂದಲೇ ನಮ್ಮ ಗದ್ದೆಯ ಬದಿಯ ರಾತ್ರಿ ಪಂದ್ಯಗಳಲ್ಲಿಯೂ ಕಾರ್ನರ್ ನಿಲ್ಲುವವನ ಹೆಸರು ಜನರ ಬಾಯಲ್ಲಿರುತ್ತದೆ. ಫುಟ್ಬಾಲಿನಲ್ಲಿ ಹಾಗಿಲ್ಲ. ತಡೆದ ಗೋಲಿಗೆ ಅಂಕವಿಲ್ಲ. ಬ್ಯಾಕಿನ ಹೆಸರು ಕೇಳಿಬರುವುದು ಹೆಚ್ಚಾಗಿ ಅವನು ತಪ್ಪಿದಾಗ. ಆಟದ ನಿಯಮವನ್ನು ನಾವು ಬದಲಾಯಿಸುವಂತಿಲ್ಲ, ಸರಿ. ಆದರೆ ಪ್ರಾರ್ಥನಾ ಸಭೆಯ ವಾರ್ತೆಯನ್ನು ಬರೆಯುವವರು ನಾವೇ ಅಲ್ಲವೇ?

1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತ 1–2ರಿಂದ ಸೋತಿತು. ಆ ಒಂದು ಗೋಲು ಹೊಡೆದ ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರ ಹೆಸರನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅಂದಿನ ನಾಯಕ, ನಾಗಾ ಬೆಟ್ಟಗಳಿಂದ ಬಂದ ತಾಲಿಮೆರೆನ್ ಆವೊ, ಹಿಂದೆ ನಿಂತು ಆಡುವ ಹಾಫ್‌ಬ್ಯಾಕ್ ಎಂಬುದನ್ನು ಒಮ್ಮೆಯೂ ಹೇಳಿರಲಿಲ್ಲ. ವೈದ್ಯಕೀಯ ಓದುತ್ತ ಆಡಿದ ಅವರು ಬಳಿಕ ತಮ್ಮ ನಾಡಿನಲ್ಲಿ ವೈದ್ಯರಾಗಿ ದುಡಿದರು. ಚೆಂಡು ಬಿಟ್ಟರೆ ಮಾತ್ರ ಓದು ಎಂದು ಹೇಳುತ್ತಿದ್ದ ನನ್ನಂಥ ಮಾಸ್ತರರಿಗೆ ಅವರ ಬದುಕೇ ಉತ್ತರವಾಗಿತ್ತು. ನನಗೆ ಅದು ತಿಳಿದದ್ದು ತೀರ ತಡವಾಗಿ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಅಂದು ಆ ತಂದೆಗೆ ನಾನು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. 1998ರಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಫುಟ್ಬಾಲಿನಿಂದ ಅನ್ನ ಸಂಪಾದಿಸುವುದು ಬಹಳ ಕಷ್ಟವಿತ್ತು. ಆದರೆ ಆ ಕಷ್ಟಕ್ಕೆ ಹುಡುಗನ ಯೋಗ್ಯತೆ ಕಾರಣವೆಂಬಂತೆ ನಾನು ಮಾತನಾಡಿದೆ. ತಪ್ಪು ನಡೆದದ್ದು ಅಲ್ಲಿ. ಕೊರತೆ ಇದ್ದದ್ದು ಹುಡುಗನಲ್ಲಿ ಅಲ್ಲ, ಏಣಿಯಲ್ಲಿ.

ಸ್ಪೇನಿನ ಏಣಿ ಹೇಗಿದೆ ನೋಡಿ. ಮೊದಲ ದರ್ಜೆಯಲ್ಲಿ 20 ತಂಡಗಳು, ಎರಡನೆಯದರಲ್ಲಿ 22. 2021ರಲ್ಲಿ ಕೆಳಗಿನ ದರ್ಜೆಗಳನ್ನು ಮರುರೂಪಿಸಿದ ಮೇಲೆ ಮೂರನೆಯದರಲ್ಲಿ ತಲಾ 20ರ ಎರಡು ಗುಂಪು, ಅಂದರೆ 40. ನಾಲ್ಕನೆಯದರಲ್ಲಿ ತಲಾ 18ರ ಐದು ಗುಂಪು, ಅಂದರೆ 90. ನಾಲ್ಕು ಮೆಟ್ಟಿಲುಗಳಲ್ಲಿಯೇ 172 ತಂಡಗಳಾದವು. ಐದನೆಯ ಮೆಟ್ಟಿಲಿನಲ್ಲಿ ಮತ್ತೆ 18 ಗುಂಪುಗಳಿವೆ, ಅದರ ಕೆಳಗೆ ಪ್ರಾಂತ್ಯಗಳ ಲೀಗುಗಳು. ತಂಡಕ್ಕೆ ಏಳು ರಕ್ಷಣಾ ಆಟಗಾರರೆಂದು ಇಟ್ಟುಕೊಂಡರೂ ಮೊದಲ ನಾಲ್ಕು ದರ್ಜೆಗಳಲ್ಲಿಯೇ ಸುಮಾರು 1,200 ಮಂದಿಗೆ ಜಾಗವಿದೆ. ಇದು ನಮ್ಮ ಕರ್ನಾಟಕಕ್ಕಿಂತ ಕಡಿಮೆ ಜನಸಂಖ್ಯೆಯ ದೇಶದ ಲೆಕ್ಕ ಎಂಬುದನ್ನು ಮರೆಯಬಾರದು.

ಇದಕ್ಕಿಂತಲೂ ದೊಡ್ಡದು ಪಂದ್ಯಗಳ ಲೆಕ್ಕ. 20 ತಂಡಗಳ ಲೀಗಿನಲ್ಲಿ ಪ್ರತಿ ತಂಡವೂ ಉಳಿದ 19 ತಂಡಗಳೊಡನೆ ಎರಡೆರಡು ಸಲ ಆಡುತ್ತದೆ. ಒಟ್ಟು 38 ಪಂದ್ಯ. 18 ತಂಡಗಳಿದ್ದರೆ 34. ಸೋತರೂ ಮುಂದಿನ ವಾರ ಮತ್ತೆ ಆಟವಿದೆ. ನಮ್ಮಲ್ಲಿ? ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುವ ಶಾಲಾ ಪಂದ್ಯಗಳಲ್ಲಿ ಒಮ್ಮೆ ಸೋತರೆ ಆ ವರ್ಷದ ಕಥೆ ಮುಗಿಯಿತು. ನಾನು ಹೇಳಿದ ಆ ಹುಡುಗ ತಾಲೂಕಿನಲ್ಲಿ ಮೂರು ಪಂದ್ಯ ಆಡಿದ, ಜಿಲ್ಲೆಯಲ್ಲಿ ಮೊದಲನೆಯದರಲ್ಲೇ ತಂಡ ಸೋತಿತು. ಇಡೀ ವರ್ಷಕ್ಕೆ ನಾಲ್ಕು ಪಂದ್ಯ! ಊರಿನ ಯುವಕ ಮಂಡಲಗಳ ಟೂರ್ನಮೆಂಟುಗಳೂ ಹೀಗೆಯೇ. ಹೊನಲು ಬೆಳಕು, ನಗದು ಬಹುಮಾನ, ಆಳೆತ್ತರದ ಟ್ರೋಫಿ, ಮೈಕಿನಲ್ಲಿ ಅಬ್ಬರ. ಬೆಳಗಾಗುವಾಗ ಎಲ್ಲವೂ ಮುಗಿದಿರುತ್ತದೆ.

ಹುಟ್ಟಿನಿಂದ ಬಂದ ವೇಗವಿದ್ದರೆ ಮುಂಚೂಣಿಯ ಹುಡುಗ ಒಂದೇ ಪಂದ್ಯದಲ್ಲಿ ಮಿಂಚಬಹುದು. ಬ್ಯಾಕ್ ಹಾಗಲ್ಲ. ಎದುರಿನವನು ಯಾವ ಕಡೆಗೆ ತಿರುಗುತ್ತಾನೆ, ಯಾವಾಗ ಮುಂದೆ ನುಗ್ಗಬೇಕು, ಯಾವಾಗ ಕಾಯಬೇಕು ಎಂಬುದನ್ನು ನೂರಾರು ಪಂದ್ಯಗಳಲ್ಲಿ ತಪ್ಪಿ ತಪ್ಪಿಯೇ ಕಲಿಯಬೇಕು. ವರ್ಷಕ್ಕೆ ನಾಲ್ಕು ಪಂದ್ಯ ಆಡುವ ಊರಿನಲ್ಲಿ ಒಳ್ಳೆಯ ಬ್ಯಾಕ್ ಬೆಳೆಯುವುದಿಲ್ಲ. ಬೆಳೆಯದ್ದನ್ನು ನೋಡಿ ನಾವು ‘ನಮ್ಮ ಮಕ್ಕಳಲ್ಲಿ ಪ್ರತಿಭೆ ಇಲ್ಲ’ ಎನ್ನುತ್ತೇವೆ. ನೀರು ಹಾಕದೆ ಅಡಿಕೆ ಸಸಿಯನ್ನು ಬೈದಂತೆ.

ನಾಡಿನಲ್ಲಿ ಪ್ರತಿಭೆ ಇಲ್ಲವೆಂಬ ಮಾತು ನಿಲ್ಲುವುದೂ ಇಲ್ಲ. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968–69ರಲ್ಲಿ. 54 ವರ್ಷಗಳ ಬಳಿಕ, 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಅದನ್ನು ಮತ್ತೆ ತಂದಿತು. ಬೆಂಗಳೂರಿನಲ್ಲಿ ಸೂಪರ್ ಡಿವಿಷನ್, ಅದರ ಕೆಳಗೆ ಎ, ಬಿ, ಸಿ ಎಂಬ ಮೆಟ್ಟಿಲುಗಳಿರುವುದು ಇದಕ್ಕೊಂದು ಕಾರಣವೆಂದು ನನಗೆ ಅನ್ನಿಸುತ್ತದೆ. ಹಿಂದೆ ಎಚ್.ಎ.ಎಲ್., ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಂಥ ಕಾರ್ಖಾನೆಗಳು ತಂಡ ಕಟ್ಟಿ ಆಟಗಾರರಿಗೆ ಕೆಲಸ ಕೊಟ್ಟವು. ನಮ್ಮ ಜಿಲ್ಲೆಯವರಿಗೆ ಬ್ಯಾಂಕ್ ಎಂದರೆ ಮನೆಮಾತು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಕ್ರೀಡಾ ತಂಡಗಳ ಹೆಸರು ನಿಮಗೆಲ್ಲ ನೆನಪಿರಬಹುದು. 2019ರಲ್ಲಿ ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಕಾರ್ಪೊರೇಷನ್ ಬ್ಯಾಂಕೂ ಸಿಂಡಿಕೇಟ್ ಬ್ಯಾಂಕೂ ಬೇರೆ ಬ್ಯಾಂಕುಗಳಲ್ಲಿ ಸೇರಿದವು. ಆಟವಾಡುವ ಹುಡುಗನಿಗೆ ‘ಏನಾದರೂ ಒಂದು ಬ್ಯಾಂಕಿನ ಕೆಲಸ’ ಎಂದು ತಂದೆತಾಯಿ ತಂದುಕೊಳ್ಳುತ್ತಿದ್ದ ಧೈರ್ಯಕ್ಕೆ ಇನ್ನು ಬೇರೆ ಆಧಾರ ಹುಡುಕಬೇಕು.

ಹಾಗೆಂದು ಎಲ್ಲ ಮಕ್ಕಳೂ ಪುಸ್ತಕ ಎಸೆದು ಮೈದಾನಕ್ಕೆ ಓಡಲಿ ಎಂದು ನಾನು ಹೇಳುತ್ತಿಲ್ಲ. ಕೆಳದರ್ಜೆಯ ಆಟಗಾರನ ಬದುಕು ಸುಲಭದ್ದಲ್ಲ. ಒಪ್ಪಂದ ಒಂದೋ ಎರಡೋ ವರ್ಷದ್ದು. ಮೊಣಕಾಲು ಒಮ್ಮೆ ಕೆಟ್ಟರೆ ಮುಂದಿನ ಋತುವಿನ ಭರವಸೆಯಿಲ್ಲ. ಚೆನ್ನಾಗಿ ನಡೆದರೂ ಮೂವತ್ತೈದರ ಹೊತ್ತಿಗೆ ಬೇರೆ ದಾರಿ ನೋಡಬೇಕು. ಓದು, ಕೈಕೆಲಸ ಜೊತೆಗಿರಲೇಬೇಕು. ಆ ವಿಷಯದಲ್ಲಿ ನನ್ನ ಅಭಿಪ್ರಾಯ ಅಂದಿಗೂ ಇಂದಿಗೂ ಒಂದೇ. ಬದಲಾದದ್ದು ಒಂದು ಸಂಗತಿ: ‘ಇದು ಅಥವಾ ಅದು’ ಎಂದು ಹದಿನೈದು ವರ್ಷದ ಹುಡುಗನ ಮುಂದೆ ಇಡಲು ನನಗೇನು ಅಧಿಕಾರವಿತ್ತು? ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಲೇ ಅವನು ಮಂಗಳೂರಿನ ಆ ಕ್ಲಬ್ಬಿನಲ್ಲಿ ವಾರಕ್ಕೆ ಎರಡು ದಿನ ಆಡಬಹುದಿತ್ತು. ಮೇಲೇರುತ್ತಿದ್ದನೋ ಇಲ್ಲವೋ, ಅದು ಅವನ ಪಂದ್ಯವಾಗುತ್ತಿತ್ತು. ಪಂದ್ಯ ಆರಂಭವಾಗುವ ಮೊದಲೇ ನಾನು ಸೀಟಿ ಊದಿಬಿಟ್ಟೆ.

ನಮ್ಮ ಕೈಯಿಂದ ಆಗುವುದೇನು? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆಗಳಲ್ಲಿ ನನ್ನ ವಿದ್ಯಾರ್ಥಿಗಳು ಯುವಕ ಮಂಡಲಗಳಲ್ಲಿ, ಪಂಚಾಯತುಗಳಲ್ಲಿ, ಶಾಲಾಭಿವೃದ್ಧಿ ಸಮಿತಿಗಳಲ್ಲಿ ಇದ್ದೀರಿ. ಒಂದು ರಾತ್ರಿಯ ಟೂರ್ನಮೆಂಟಿಗೆ ಸುರಿಯುವ ಹಣದಲ್ಲಿ ಎಂಟು ತಂಡಗಳ ಭಾನುವಾರದ ಲೀಗ್ ನಡೆಸಲು ಸಾಧ್ಯವಿಲ್ಲವೇ? ಮಳೆ ನಿಂತ ಮೇಲೆ ಆರಂಭಿಸಿ ಪತ್ತನಾಜೆಯ ಮೊದಲು ಮುಗಿಸಿದರೆ ಸಾಕು. ಎಂಟು ತಂಡಗಳಾದರೆ ಪ್ರತಿ ತಂಡಕ್ಕೂ 14 ಪಂದ್ಯ ಸಿಗುತ್ತದೆ. ನಾಲ್ಕಕ್ಕಿಂತ ಹದಿನಾಲ್ಕು ದೊಡ್ಡದು ತಾನೇ! ಹಣ ಉಳಿದರೆ ಊರಿನ ಒಬ್ಬಿಬ್ಬರಿಗೆ ತರಬೇತುದಾರರ ‘ಡಿ’ ಪರವಾನಗಿಯ ಕಲಿಕೆಗೆ ಸಹಾಯ ಮಾಡಿ. ಆಟ ನಿಲ್ಲಿಸಿದ ಬ್ಯಾಕುಗಳು ಒಳ್ಳೆಯ ತರಬೇತುದಾರರಾಗುತ್ತಾರೆಂದು ನನ್ನ ನಂಬಿಕೆ. ಇಡೀ ಮೈದಾನವನ್ನು ಎದುರಿಗಿಟ್ಟುಕೊಂಡು ಆಡಿದವರು ಅವರೇ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಈಗ ಶಿಕ್ಷಕರಾಗಿರುವವರಿಗೆ ಇನ್ನೂ ಚಿಕ್ಕದೊಂದು ಕೋರಿಕೆ. ತಂಡ ಗೆದ್ದಾಗ, ಸೋತಾಗಲೂ, ಎಲ್ಲ ಹೆಸರುಗಳನ್ನು ಓದಿ. ಹನ್ನೊಂದು ಹೆಸರು ಓದಲು ಅರ್ಧ ನಿಮಿಷವೂ ಬೇಡ. ‘ಮತ್ತು ಇತರರು’ ಎಂದು ಬರೆಯಬೇಡಿ.

ಇನ್ನು ಮೈದಾನದ ಬದಿಯಲ್ಲಿ ನನ್ನನ್ನು ಕೇಳಿದವನಿಗೆ ಉತ್ತರ. ಮಗ ಆಡಲಿ. ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನೂ ಚೆನ್ನಾಗಿ ಬರೆಯಲಿ. ಭಾರತ ತಂಡದಲ್ಲಿ ಆಡುತ್ತಾನೋ ಎಂದು ಯಾರಾದರೂ ಕೇಳಿದರೆ, "ಮುಂದಿನ ಭಾನುವಾರ ಆಡುತ್ತಾನೆ, ಬಂದು ನೋಡಿ" ಎಂದು ಹೇಳು. ಆ ಭಾನುವಾರ ಯಾವುದೆಂದು ನನಗೂ ತಿಳಿಸು. ನಿನ್ನ ಆಟ ನೋಡಲು ಒಮ್ಮೆ ಮಾತ್ರ ಬಂದಿದ್ದೆ. ಬಂದೂ ನಿನ್ನನ್ನು ಕಾಣಲಿಲ್ಲ. ಈ ಬಾರಿ ಕನ್ನಡಕ ಒರೆಸಿಕೊಂಡು, ಗೋಲಿನ ಹತ್ತಿರವೇ ಕುರ್ಚಿ ಹಾಕಿ ಕುಳಿತುಕೊಳ್ಳುತ್ತೇನೆ.